ಕಂಪ್ಯೂಟರ್ ಜೋರಾಗಿ ಓಡಲೆಂದು ನಾನು ಮಾಡಿದ ಉಪಕಾರ

ಗೆಳೆಯರೇ, ಬನಹಟ್ಟಿಯಲ್ಲಿ ನಾನು ಕೆಲಸ ಮಾಡುವ ಸೀರೆ ಡಿಸೈನ್ ಅಂಗಡಿಯ ಕಂಪ್ಯೂಟರ್ ಇವತ್ತು ನನ್ನ ಮರ್ಯಾದೆ ತೆಗೆಯಿತು. ಪ್ರೊಸೆಸರ್ ನೂರಕ್ಕೆ ನೂರು ಓಡುತ್ತಿತ್ತು, ಫ್ಯಾನ್ ಕಿರುಚುತ್ತಿತ್ತು, ಸೆರಗಿನ ಡಿಸೈನ್ ಮಾತ್ರ ತೆರೆಯುತ್ತಿರಲಿಲ್ಲ. ಎದುರಿಗೆ ನೇಕಾರ ಈರಪ್ಪ ಕಾಕಾ ಕೂತಿದ್ದರು. ಆ ಡಿಸೈನ್ ಸಿಗುವವರೆಗೆ ಅವರ ಮಗ್ಗ ಬಂದ್. ನಾಡಿದ್ದು ಮದುವೆ ಸೀರೆ ಕೊಡಬೇಕು.

"ಏನಾಗೇತೋ ತಮ್ಮಾ?"

"ಪ್ರೊಸೆಸರ್ ಮ್ಯಾಲ ಲೋಡ್ ಭಾಳ ಆಗೇತ್ರಿ ಕಾಕಾ. ನಿಮಗ ತಿಳಿಯಂಗಿಲ್ಲ ಬಿಡ್ರಿ."

ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ. ಡಬ್ಬಿ ಬಿಚ್ಚಿ ಧೂಳು ಊದಿದೆ. ನೋಡಿ ನೋಡಿ ಕಾಕಾ ಬಾಯಿ ಬಿಟ್ಟರು.

"ಮಗ್ಗ ಕೈ ಕೊಟ್ರ, ಕಡೀಕ ಏನ್ ಮುಟ್ಟಿದ್ವಿ ಅದನ್ನ ನಾವು ಮೊದಲ ನೋಡ್ತೀವಿ. ನೀ ಕಡೀಕ ಏನ್ ಮುಟ್ಟಿದಿ?"

ನೆನಪಾಯಿತು. ಕಂಪ್ಯೂಟರ್ ಜೋರಾಗಿ ಓಡಲೆಂದು ನಿನ್ನೆ ಪುಕ್ಕಟೆ ಸಿಕ್ಕ ಮೂರು ಆ್ಯಂಟಿವೈರಸ್ ಹಾಕಿದ್ದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೂರೂ ಒಂದನ್ನೊಂದು ತಪಾಸಣೆ ಮಾಡುತ್ತ ಪ್ರೊಸೆಸರನ್ನು ಪೂರ್ತಿ ತಿನ್ನುತ್ತಿದ್ದವು. ಎರಡನ್ನು ಕಿತ್ತುಹಾಕಿದೆ. ಫ್ಯಾನ್ ತಣ್ಣಗಾಯಿತು, ಡಿಸೈನ್ ತೆರೆಯಿತು. ಅದನ್ನು ಕಾಕಾರ ಪೆನ್ ಡ್ರೈವ್‌ಗೆ ಹಾಕಿಕೊಟ್ಟೆ.

ಅಷ್ಟರಲ್ಲಿ ಮಾಲೀಕರು ಬಂದು, "ಏನಾಗಿತ್ತಲೇ?" ಎಂದರು.

"ವೈರಸ್ ಹೊಕ್ಕಿತ್ರಿ ಸಾವ್ಕಾರ್ರ," ಎಂದು ಸುಳ್ಳು ಬಿಟ್ಟೆ.

ಪೆನ್ ಡ್ರೈವ್ ಜೇಬಿಗೆ ಹಾಕಿಕೊಳ್ಳುತ್ತ ಕಾಕಾ ಎಂದರು, "ಖರೆ ಐತ್ರಿ. ಹೋದ ತಿಂಗಳ ಗಲಗಲಿಯಿಂದ ಬಸ್ ಹತ್ತಿ ಬಂದೈತಿ."

ಹೋದ ತಿಂಗಳು ಗಲಗಲಿಯಿಂದ ಬಂದವನು ನಾನೇ. ನನ್ನನ್ನೂ ಅನ್‌ಇನ್‌ಸ್ಟಾಲ್ ಮಾಡಬಹುದು ಎಂಬುದು ಮಾಲೀಕರಿಗೆ ಇನ್ನೂ ಹೊಳೆದಿಲ್ಲ, ಅಷ್ಟೇ ಸಮಾಧಾನ.