ಇಂಗಿನ ಎರೆ

ಫ್ರಿಡ್ಜಿನ ಹಿಂಬದಿಯಲ್ಲಿ ಮರೆತುಹೋಗಿದ್ದ ಡಬ್ಬಿಯೊಂದು ಮೊನ್ನೆ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ, ಖಾರದ ಚಪಾತಿಗೆಂದು ಹೋದ ವಾರ ಕಲಸಿಟ್ಟ ಹಿಟ್ಟು. ಮೇಲೆಲ್ಲ ಕಪ್ಪಗಾಗಿ ಹುಳಿ ಬಂದಿತ್ತು. ಇಂಗಿನ ಘಾಟು ಮಾತ್ರ ಹಾಗೇ ಇತ್ತು. ಬೇರೆ ಯಾರಾದರೂ ಛೀ ಎಂದು ಕಸಕ್ಕೆ ಹಾಕುತ್ತಿದ್ದರು. ನಾನು ಟೋಕಿಯೋದ ಕೋಟೋ ಬಡಾವಣೆಯ ಈ ಎತ್ತರದ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ಅದನ್ನು ಬೆರಳಿನಿಂದ ಒತ್ತಿ ನೋಡಿದೆ. ಮೆತ್ತಗಿತ್ತು. ಗಾಳಕ್ಕೆ ಸರಿಯಾದ ಹದ ಅಂದುಕೊಂಡದ್ದೇ ತಡ, ಕೆಳಮನೆಯ ಅಜ್ಜ ನೆನಪಾದರು.

ನಾವು ಆಗ ನಗೋಯಾದ ಹೊರಗೆ, ಹೊಳೆಯ ದಂಡೆಯ ಒಂದು ಸಣ್ಣ ಊರಿನಲ್ಲಿದ್ದೆವು. ನನ್ನವರಿಗೆ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕೆಲಸ. ಎರಡೇ ಅಂತಸ್ತಿನ ಹಳೆಯ ಕಟ್ಟಡ; ಮೇಲೆ ನಾವು, ಕೆಳಗೆ ಒಬ್ಬರೇ ಇದ್ದ ಅಜ್ಜ. ಎದುರಿಗೆ ಸಿಕ್ಕಾಗ ‘ಒಜೀಸಾನ್’ ಎನ್ನುತ್ತಿದ್ದೆ. ಅಲ್ಲಿಯೂ ಅದರ ಅರ್ಥ ಅಜ್ಜ ಎಂದೇ. ನನ್ನ ಜಪಾನೀ ಭಾಷೆಯೆಂದರೆ ಕ್ಷಮಿಸಿ ಎನ್ನುವ ಸುಮಿಮಾಸೆನ್, ಥ್ಯಾಂಕ್ಸ್ ಎನ್ನುವ ಅರಿಗಾತೋ, ಅದರಾಚೆಗೆ ಫೋನಿನ ಅನುವಾದದ ಆ್ಯಪ್. ಬಾಯಿ ಮುಚ್ಚಿ ಕೂತು ಗೊತ್ತಿಲ್ಲದ ನನಗೆ ಆ ಊರು ಒಂದು ಶಿಕ್ಷೆಯಾಗಿತ್ತು.

ಒಂದು ದಿನ ಬೆಳಿಗ್ಗೆ ಅಜ್ಜ ಮೇಲೆ ಬಂದು ಬಾಗಿಲು ತಟ್ಟಿದರು. ಮೂಗಿನತ್ತ ಬೆರಳು ತೋರಿಸಿ, ನಮ್ಮ ಅಡುಗೆಮನೆಯ ಕಿಟಕಿಯತ್ತ ತೋರಿಸಿದರು. ಆಯಿತು, ಒಗ್ಗರಣೆಯ ವಾಸನೆಗೆ ಕಂಪ್ಲೇಂಟು ಬಂತು ಅಂದುಕೊಂಡೆ. ಸುಮಿಮಾಸೆನ್, ಸುಮಿಮಾಸೆನ್ ಎನ್ನುತ್ತಾ ಇಂಗಿನ ಡಬ್ಬಿಯನ್ನೇ ತಂದು ತೋರಿಸಿದೆ. ಅವರು ಮೂಸಿ ತಲೆ ಹಿಂದಕ್ಕೆ ಎಳೆದುಕೊಂಡರು, ಕಣ್ಣಲ್ಲಿ ನೀರು ಬಂತು, ಮತ್ತೆ ಮೂಸಿದರು. ಆಮೇಲೆ ನನ್ನ ಆ್ಯಪಿನ ಮೂಲಕ ಬಹಳ ಗಂಭೀರವಾಗಿ ಕೇಳಿದರು: “ಇದು ಮೀನಿಗೆ ಇಷ್ಟವಾಗುತ್ತದೋ?”

ಅಯ್ಯೋ ದೇವರೇ! ಮೈಸೂರಿನಲ್ಲಿ ನಮ್ಮ ಮನೆಗೆ ಮೊಟ್ಟೆ ಕೂಡ ತರುತ್ತಿರಲಿಲ್ಲ. ಮೀನಿನ ಇಷ್ಟಾನಿಷ್ಟ ನನಗೇನು ಗೊತ್ತು?

ಅಜ್ಜನ ತೊಂದರೆ ಏನೆಂದು ನಿಧಾನಕ್ಕೆ ತಿಳಿಯಿತು. ಹೊಳೆಯಲ್ಲಿ ಉಗುಯಿ ಎಂಬ ಬೆಳ್ಳಿ ಮೈಯ ಮೀನಿತ್ತು. ಚಿಕ್ಕವು ಏನು ಹಾಕಿದರೂ ಮುತ್ತಿಕೊಳ್ಳುತ್ತವೆ. ದೊಡ್ಡದು ಮಾತ್ರ ಮಹಾ ಕಿಲಾಡಿ. ಬೇಸಿಗೆಯಲ್ಲಿ ಅದಕ್ಕೆ ದಂಡೆಯ ಮರದಿಂದ ಉದುರುವ ಹಿಪ್ಪುನೇರಳೆ ಹಣ್ಣು ಬೇಕು, ಮಿಡತೆ ಬೇಕು. ಮಳೆ ನಿಂತು ಕೆಂಪು ನೀರು ತಿಳಿಯಾಗುವಾಗ ಎರೆಹುಳು. ಚಳಿಗಾಲಕ್ಕೆ ಮಾತ್ರ ಒಳ್ಳೆಯ ಎರೆಯಿಲ್ಲ. ಬ್ರೆಡ್ಡು ನಾದಿ ಸಿಕ್ಕಿಸಿದರೆ ನೀರಲ್ಲಿ ಕರಗುತ್ತದೆ, ಚೀಸು ಸೇರಿಸಿದರೆ ಥಂಡಿಗೆ ಕಲ್ಲಾಗುತ್ತದೆ, ಗಾಳದ ಮೊನೆಯೇ ಹೊರಗೆ ಬರುವುದಿಲ್ಲ. ಇದನ್ನೆಲ್ಲ ಅವರು ಕೈಸನ್ನೆಯಲ್ಲಿ, ಆ್ಯಪಿನಲ್ಲಿ ಹೇಳುತ್ತಿದ್ದಾಗ ನನಗೆ ಒಂದೇ ಹೊಳೆದದ್ದು: ಎಣ್ಣೆ ಹಾಕಿ ನಾದಿದ ಚಪಾತಿ ಹಿಟ್ಟು ಫ್ರಿಡ್ಜಿನಲ್ಲಿಟ್ಟರೂ ಮೆತ್ತಗೇ ಇರುತ್ತದಲ್ಲ! ಒಂದು ಉಂಡೆಗೆ ಚಿಟಿಕೆ ಇಂಗು ಹಾಕಿ ನಾದಿ ಕೊಟ್ಟುಬಿಟ್ಟೆ. ನನ್ನ ಕೈಯಿಂದ ಒಬ್ಬರಿಗೆ ಉಪಯೋಗವಾಯಿತಲ್ಲ ಎಂಬ ಖುಷಿ. ಅದು ಯಾರ ಬಾಯಿಗೆ ಹೋಗುತ್ತದೆ ಅಂತ ಒಂದು ಗಳಿಗೆಯೂ ಯೋಚಿಸಲಿಲ್ಲ.

ಎರಡು ದಿನ ಬಿಟ್ಟು ಅಜ್ಜ ಮತ್ತೆ ಬಂದರು. ಮುಖ ಅರಳಿತ್ತು. ಎರಡೂ ಕೈಯಲ್ಲಿ ಒಂದು ಡಬ್ಬಿ ಹಿಡಿದು, ಸೊಂಟ ಬಗ್ಗಿಸಿ ಕೊಟ್ಟರು. ಒಳಗೆ ಸೋಯಾ ಸಾಸು, ಸಕ್ಕರೆಯಲ್ಲಿ ಇಡೀ ದಿನ ಸಣ್ಣ ಉರಿಯಲ್ಲಿ ಬೇಯಿಸಿದ ಮೀನು. ಮುಳ್ಳು ಸಹ ಮೆತ್ತಗಾಗುವವರೆಗೆ ಬೇಯಿಸಿದ್ದಂತೆ. ಬೇಡ ಅನ್ನಲು ಬಾಯಿ ತೆರೆದೆ, ಬಂದದ್ದು ಅರಿಗಾತೋ.

“ನೋ ಅಂತ ಒಂದು ವರ್ಡ್ ಹೇಳೋಕೆ ಏನೇ ಕಷ್ಟ ನಿಂಗೆ?” ಎಂದು ನನ್ನವರು ಸಂಜೆ ನಕ್ಕರು.

“ಅಷ್ಟು ಬಗ್ಗಿ ಕೊಟ್ಟವ್ರಿಗೆ ಹೇಗ್ರೀ ನೋ ಅನ್ನೋದು?” ಎಂದೆ.

ಎಸೆಯುವುದಕ್ಕೆ ಮನಸ್ಸು ಬರಲಿಲ್ಲ. ನನ್ನವರ ಆಫೀಸಿನಲ್ಲಿ ಮಂಗಳೂರಿನ ಒಬ್ಬ ಹುಡುಗನಿದ್ದ, ಮದುವೆಯಾಗದವನು, ಕೊಂಬಿನಿ ಎಂಬ ದಿನವಿಡೀ ತೆರೆದಿರುವ ಅಂಗಡಿಯ ತಣ್ಣನೆ ಅನ್ನ ತಿಂದು ಬದುಕುತ್ತಿದ್ದವನು. ಅವನಿಗೆ ಕಳಿಸಿದೆ. ರಾತ್ರಿಯೇ ಫೋನು: “ಅಕ್ಕಾ, ಎಂಥ ರುಚಿ ಮಾರಾಯ್ರೆ! ಬೆರಳು ಚೀಪಿ ಚೀಪಿ ತಿಂದೆ. ಆ ಅಜ್ಜನ ಮನೆ ಎಲ್ಲುಂಟು ಹೇಳಿ, ನಾನೇ ಹೋಗಿ ಥ್ಯಾಂಕ್ಸ್ ಹೇಳಿ ಬರ್ತೇನೆ.” ಬೇಡಪ್ಪಾ ಮಹಾರಾಯ ಎಂದೆ. ಕೊಟ್ಟ ಉಡುಗೊರೆಯನ್ನು ಇನ್ನೊಬ್ಬರಿಗೆ ದಾಟಿಸಿದ್ದು ಅಜ್ಜನಿಗೆ ತಿಳಿದರೆ ಎಂಥ ಅವಮಾನ! ಮರುದಿನ ಅಜ್ಜ ಸಿಕ್ಕಾಗ ಆ್ಯಪಿನಲ್ಲಿ ಹುಡುಕಿ ಕಲಿತ ಮಾತು ಒಪ್ಪಿಸಿದೆ: ಓಯಿಶಿಕತ್ತಾ, ರುಚಿಯಾಗಿತ್ತು. ಯಾರ ಬಾಯಿಗೆ ಅಂತ ಹೇಳಲಿಲ್ಲ, ಅಷ್ಟೇ.

ಇನ್ನು ಡಬ್ಬಿ ವಾಪಸು ಕೊಡಬೇಕು. ಖಾಲಿ ಡಬ್ಬಿ ಕೊಡುವುದು ನಮ್ಮಲ್ಲಿ ಇಲ್ಲವಲ್ಲ, ಚಿತ್ರಾನ್ನ ತುಂಬಿ ಕೊಟ್ಟೆ. ಬಂದದ್ದಕ್ಕೆ ಬದಲು ಕೊಡದೆ ಇರುವುದು ಅವರಲ್ಲಿಯೂ ಇಲ್ಲ. ಮತ್ತೆ ಮೀನು ಬಂತು. ನಾನು ಚಕ್ಕುಲಿ ಕೊಟ್ಟೆ, ಮತ್ತೆ ಮೀನು. ಕೋಡುಬಳೆ, ಮೀನು. ನಡುನಡುವೆ ನನ್ನ ಇಂಗಿನ ಹಿಟ್ಟು. ಇಬ್ಬರಲ್ಲಿ ಯಾರಿಗೂ ನಿಲ್ಲಿಸುವ ದಾರಿ ಗೊತ್ತಿರಲಿಲ್ಲ. ಮಂಗಳೂರಿನ ಹುಡುಗ ಮಾತ್ರ ಆ ಚಳಿಗಾಲದಲ್ಲಿ ಗುಂಡುಗುಂಡಗಾದ.

ಮಾಘದ ಚಳಿಯ ಒಂದು ಬೆಳಿಗ್ಗೆ ಅಜ್ಜ ನನ್ನನ್ನೂ ಹೊಳೆಗೆ ಕರೆದರು. ನನ್ನ ಎರೆ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸುವ ಹುಮ್ಮಸ್ಸು. ಹೋದ ಕೂಡಲೇ ಗಾಳ ಹಾಕಲಿಲ್ಲ. ದಂಡೆಯಲ್ಲಿ ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು, ನಾಲ್ಕಾರು ಕಡೆ ಹಿಟ್ಟಿನ ಚೂರು ಎಸೆದು ಬಂದರು. ಹೆಚ್ಚು ಹಾಕಬಾರದು, ಹಸಿವು ಕೆರಳಬೇಕು, ಹೊಟ್ಟೆ ತುಂಬಬಾರದು. ಆಮೇಲೆ ಮೊದಲ ಜಾಗಕ್ಕೆ ಮರಳಿ, ನೆರಳು ನೀರಿನ ಮೇಲೆ ಬೀಳದಂತೆ ಕುಕ್ಕರುಗಾಲಲ್ಲಿ ಕೂತರು. ನಾನು ಕೆಮ್ಮಿದ್ದಕ್ಕೆ ಕಣ್ಣಲ್ಲೇ ಗದರಿಸಿದರು. ಚಿಕ್ಕ ಮೀನಿನ ಬಾಯಿಗೆ ಹಿಡಿಸಬಾರದೆಂದು ನೆಲ್ಲಿಕಾಯಿಯಷ್ಟು ದಪ್ಪ ಉಂಡೆ ಕಟ್ಟಿ, ನೀರಿಗೆ ಬಾಗಿದ ಕೊಂಬೆಗಿಂತ ಸ್ವಲ್ಪ ಮೇಲಕ್ಕೆ ಹಾಕಿ, ಹರಿವು ತಾನಾಗಿ ಅದನ್ನು ಕೊಂಬೆಯ ಕೆಳಗೆ ಒಯ್ಯುವಂತೆ ಬಿಟ್ಟರು. ದೊಡ್ಡದು ಯಾವಾಗಲೂ ಅಲ್ಲೇ, ಹಿಂದೆ, ಆಳದಲ್ಲಿ ಕಾದಿರುತ್ತದೆ ಎಂದರು. ಕೋಲಿನ ತುದಿ ಒಮ್ಮೆ ನಡುಗಿತು. ಎಳೆಯಲಿಲ್ಲ. ಆಮೇಲೆ ಅದು ಪೂರಾ ಬಾಗಿತು...

ನನ್ನ ಮೊಳಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಮೀನು ಬಲೆಯಲ್ಲಿತ್ತು. ಅದರ ತುಟಿಯಲ್ಲಿ ನನ್ನ ಚಪಾತಿ ಹಿಟ್ಟು. ಅಜ್ಜ ಗಾಳ ಬಿಡಿಸಿ, ಚೀಲದಿಂದ ಒಂದು ಗಿಡ್ಡ ದೊಣ್ಣೆ ತೆಗೆದು ಅದರ ತಲೆಗೆ ಒಂದೇ ಪೆಟ್ಟು ಹಾಕಿದರು. ಆಮೇಲೆ ಕೈ ಮುಗಿದರು. ನನ್ನ ಮುಖ ನೋಡಿ ಏನೋ ಹೇಳಿದರು. ಫೋನು ಮುಂದೆ ಹಿಡಿದೆ. ಪರದೆಯ ಮೇಲೆ ಬಂದದ್ದು ಇದು: ಇಷ್ಟು ವರ್ಷ ಹಿಡಿದದ್ದನ್ನೆಲ್ಲ ನೀರಿಗೇ ಬಿಡುತ್ತಿದ್ದೆ. ಒಬ್ಬನಿಗಾಗಿ ಯಾಕೆ ಕೊಲ್ಲಬೇಕು? ಈಗ ತಿನ್ನುವ ಮನೆಯೊಂದಿದೆ, ಸಂತೋಷ.

ಒಂದು ಜೀವವನ್ನೂ ತೆಗೆಯದಿದ್ದ ಮುದುಕನ ಕೈಗೆ ದೊಣ್ಣೆ ಕೊಟ್ಟವಳು ನಾನು. ಇದಕ್ಕಿಂತ ಪಾಪ ಬೇರೆ ಉಂಟೇ? ಒಂದು ವಾರ ಒದ್ದಾಡಿದೆ. ಕೊನೆಗೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಕೆಳಗಿಳಿದು, ಬಾಗಿಲಲ್ಲೇ ನಿಂತು ಒದರಿಬಿಟ್ಟೆ. ನಾವು ಮೀನು ತಿನ್ನುವುದಿಲ್ಲ. ಮೊದಲಿನಿಂದಲೂ ತಿನ್ನುವುದಿಲ್ಲ. ಸುಳ್ಳು ಹೇಳಿದೆ. ಕ್ಷಮಿಸಿ.

“ಹಾಗಾದರೆ... ಆ ಮೀನುಗಳು?” ಎಂದು ಅಜ್ಜ ಮೆಲ್ಲಗೆ ಕೇಳಿದರು.

ನಾನು ನೆಲ ನೋಡಿದೆ. ಬೇರೆಯವರಿಗೆ ಕೊಟ್ಟೆ, ಅವನು ಒಂದು ಮುಳ್ಳನ್ನೂ ಬಿಡದೆ ತಿಂದ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಉಡುಗೊರೆ ದಾಟಿಸಿದವಳು ಅನ್ನಿಸಿಕೊಳ್ಳುವ ನಾಚಿಕೆ ನನ್ನ ನಾಲಿಗೆ ಹಿಡಿಯಿತು. ಅಜ್ಜ ನನಗೇ ಸೊಂಟ ಬಗ್ಗಿಸಿ, “ಸುಮಿಮಾಸೆನ್. ನಿಮಗೆ ಬಹಳ ತೊಂದರೆ ಕೊಟ್ಟೆ” ಎಂದರು. ಮೇಲೆ ಬರುವಾಗ ನನಗೆ ಎದೆ ಹಗುರಾಗಿತ್ತು. ಎಂಥ ಹೆಂಗಸು ನಾನು!

ಆಮೇಲೆ ಅಜ್ಜ ಹೊಳೆಯ ಕಡೆ ಹೋಗಲಿಲ್ಲ. ಹಿಪ್ಪುನೇರಳೆ ಹಣ್ಣಾಗಿ ದಂಡೆಯ ದಾರಿಯೆಲ್ಲ ಕಪ್ಪಾಯಿತು, ಆಗಲೂ ಹೋಗಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ. ಅವರು ನಕ್ಕ ಹಾಗೆ ಮಾಡಿದರು. “ಯಾರೂ ತಿನ್ನದ ಮೀನನ್ನು ಕೊಂದೆ. ಇನ್ನು ಹೊಳೆಗೆ ಯಾವ ಮುಖ ಇಟ್ಟುಕೊಂಡು ಹೋಗಲಿ?”

ಆಗಲಾದರೂ ಹೇಳಬೇಕಿತ್ತು. ಮಾತು ಗೊತ್ತಿತ್ತು, ಬಾಯಿ ಬರಲಿಲ್ಲ. ನಾಳೆ ಹುಡುಗನನ್ನೇ ಕರೆತಂದು ಹೇಳಿಸೋಣ ಅಂದುಕೊಂಡೆ. ಅವನಿಗೆ ಓವರ್‌ಟೈಮು, ನನಗೆ ಹಿಂಜರಿಕೆ. ಅಷ್ಟರಲ್ಲಿ ನನ್ನವರಿಗೆ ಟೋಕಿಯೋಗೆ ವರ್ಗವಾಯಿತು. ಸಾಮಾನಿನ ಲಾರಿ ಹೊರಟಾಗ ಅಜ್ಜ ಗೇಟಿನವರೆಗೆ ಬಂದು, ಲಾರಿ ತಿರುಗುವವರೆಗೂ ಬಗ್ಗಿಯೇ ನಿಂತಿದ್ದರು. ಒಂದು ಫೋನು ಮಾಡಬಹುದಿತ್ತು, ಟ್ರೈನು ಹತ್ತಿ ಹೋಗಿ ಬರಬಹುದಿತ್ತು... ಮುಂದಿನ ಚಳಿಗಾಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರೆಂದು ಆ ಹಳೆಯ ಮನೆಯ ಓನರ್ ಫೋನಿನಲ್ಲಿ ಹೇಳಿದರು.

ನಿನ್ನೆ ಭಾನುವಾರ ಆ ಮಂಗಳೂರಿನ ಹುಡುಗ ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದ. ಈಗ ಅವನೂ ಟೋಕಿಯೋದಲ್ಲೇ ಇದ್ದಾನೆ. ನಾನು ಬಡಿಸುತ್ತಿದ್ದಾಗ ಹೆಂಡತಿಗೆ ಆ ಚಳಿಗಾಲದ ಕಥೆ ಹೇಳುತ್ತಿದ್ದ: “ಅಂಥ ಮೀನು ನಾನು ನಮ್ಮ ಅಮ್ಮನ ಕೈಯಲ್ಲಿ ಸಹ ತಿನ್ಲಿಲ್ಲ ಗೊತ್ತುಂಟಾ? ಆಗ ನನಗೆ ಊರಿಗೆ ವಾಪಸ್ ಹೋಗುವ ಅಂತ ಆಗಿತ್ತು. ಆ ಅಜ್ಜನ ಮೀನಲ್ಲೇ ನಾನು ಇಲ್ಲಿ ಉಳಿದದ್ದು.” ಆಮೇಲೆ ನನ್ನ ಕಡೆ ತಿರುಗಿ, “ಒಮ್ಮೆ ಹೋಗಿ ಅವರಿಗೆ ಹೇಳಿ ಬರುವ ಅಕ್ಕಾ, ಈಗಲಾದ್ರೂ ಬೇಡ ಅನ್ಬೇಡಿ” ಎಂದ.

ಅಜ್ಜ ಹೋದದ್ದನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಹೇಳಿದರೆ, ಅವರು ಯಾಕೆ ಗಾಳ ಹಾಕುವುದನ್ನೇ ನಿಲ್ಲಿಸಿದರು ಅನ್ನುವುದನ್ನೂ ಹೇಳಬೇಕಾಗುತ್ತಿತ್ತು. ಸೌಟು ಕೆಳಗಿಟ್ಟು ಅವನ ಎದುರು ಕೂತೆ. ಈ ಸಲ ಎಲ್ಲವನ್ನೂ ಹೇಳಿದೆ. ಅವನು ತಟ್ಟೆಯಿಂದ ಕೈ ತೆಗೆದ. “ನಾನು ತಿಂದಿದ್ದೆನಲ್ಲ ಅಕ್ಕಾ...” ಎಂದ.