ಜ್ವರ ಬಂದ ದಿನದ ರಕ್ತ

ಹೆಸರಿನ ಬೆಳೆ ತೆಗೆದಾಗಿತ್ತು, ಜೋಳ ಇನ್ನೂ ಬಿತ್ತಿರಲಿಲ್ಲ. ಮರೋಳದ ನಮ್ಮ ಹೊಲದಲ್ಲಿ ಪ್ರತಿವರ್ಷದಂತೆ ಗೊಬ್ಬರಕ್ಕೆಂದು ಕುರಿಹಿಂಡು ಬಂದು ತಂಗಿತ್ತು. ಹಿಂಡಿನ ಯಜಮಾನಿ ಅರವತ್ತು ದಾಟಿದ ಹೆಂಗಸು. ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿಕೊಳ್ಳದೆ ಹಿಂಡು ಬಿಡುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗಿನಿಂದ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದೆ. ಆಕೆಯ ಜೊತೆಗೆ ಇಬ್ಬರು ಮಕ್ಕಳು, ಒಬ್ಬ ಸೊಸೆ, ಸಾಮಾನು ಹೊರಲು ಒಂದು ಕುದುರೆ, ಕಾವಲಿಗೆ ಒಂದು ಕರೀ ನಾಯಿ.

ಒಂದು ಭಾನುವಾರ ಅಬ್ಬಾಗೆ, ನನ್ನ ತಂದೆಗೆ, ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಾಗ ಆ ನಾಯಿ ಮುಂಗಾಲುಗಳ ಮೇಲೆ ಮೈಯನ್ನು ಎಳೆದುಕೊಂಡು ನೀರಿನ ಕಡೆಗೆ ಹೋಗುತ್ತಿತ್ತು. ಹಿಂಗಾಲುಗಳು ಅದರದ್ದಲ್ಲವೇನೋ ಎಂಬಂತೆ ಹಿಂದೆ ಜೋಲುತ್ತಿದ್ದವು.

“ಗಾಡಿ ಬಡದೈತಿ. ಬೆನ್ನ ಮುರದೈತಿ, ಇನ್ನ ಇದು ಏಳಂಗಿಲ್ಲ,” ಎಂದ ದೊಡ್ಡ ಮಗ.

“ಗಾಡಿ ಬಡದಿದ್ರ ಒಂದ ದಿನಕ್ಕ ಬೀಳ್ತಿತ್ತು. ಇದು ದಿನಾ ಇಷ್ಟಿಷ್ಟ ಸೋಲಾಕ ಹತ್ತೈತಿ,” ಎಂದಳು ಆಯಿ.

ಅಬ್ಬಾ ಅದೇ ದಿನ ಹುನಗುಂದದಿಂದ ಪಶುವೈದ್ಯರನ್ನು ಕರೆತಂದರು. ಅವರು ಬೆನ್ನುಮೂಳೆಯನ್ನು ಒಂದೊಂದಾಗಿ ಒತ್ತಿ ನೋಡಿದರು, ಎಲ್ಲೂ ಮುರಿದಿರಲಿಲ್ಲ. ವಸಡು ಬಿಳಚಿಕೊಂಡಿತ್ತು, ಎರಡೂ ಕಣ್ಣುಗಳ ಮೇಲೆ ನೀಲಿ ಮಂಜಿನಂಥ ಪೊರೆ ಕಟ್ಟಿತ್ತು. ರಕ್ತದಲ್ಲಿ ಯಾವುದೋ ಪರಾವಲಂಬಿ ಜೀವಿ ಸೇರಿರಬೇಕು ಎಂಬುದು ಅವರ ಗುಮಾನಿ. ಯಾವುದೆಂದು ತಿಳಿಯದೆ ಔಷಧಿ ಕೊಡುವಂತಿಲ್ಲ, ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ರಕ್ತವನ್ನು ಬಾಗಲಕೋಟೆಗೆ ಕಳಿಸಿ ವರದಿ ಬರುವವರೆಗೆ ನಾಯಿ ಉಳಿಯುವ ಭರವಸೆ ಅವರಿಗಿರಲಿಲ್ಲ.

“ನಾ ನೋಡ್ತೇನ್ರಿ,” ಎಂದೆ.

ನಾನಾಗ ಇಳಕಲ್ಲಿನ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುತ್ತಿದ್ದೆ. ಹನ್ನೊಂದು ವರ್ಷಗಳಿಂದ ಮಲೇರಿಯಾ ಹುಡುಕಿದ ಕಣ್ಣುಗಳು ನನ್ನವು. ನಾಯಿಯ ರಕ್ತ ಮಾತ್ರ ಎಂದೂ ನೋಡಿರಲಿಲ್ಲ. ಆದರೂ ಅದರ ಕಿವಿಯ ತುದಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಮೇಲೆ ಎಳೆದುಕೊಂಡೆ. ಮರುದಿನ ಲ್ಯಾಬಿನಲ್ಲಿ ಬಣ್ಣ ಹಾಕಿ ಒಂದು ತಾಸು ನೋಡಿದೆ. ಏನೂ ಕಾಣಲಿಲ್ಲ.

ಮಾಲಕರಿಗೆ ಗೊತ್ತಾಯಿತು. “ಮಂದಿ ರಕ್ತ ನೋಡೋ ಜಾಗಾದಾಗ ನಾಯಿ ರಕ್ತ ತರ್ತೀಯೇನ್ ನೀ? ಗೊತ್ತಾದ್ರ ಯಾರರೆ ಬರ್ತಾರೇನು ಇಲ್ಲಿ?” ಎಂದು ರೇಗಿದರು. ಅವರದೇನೂ ತಪ್ಪಿರಲಿಲ್ಲ.

ಸಂಜೆ ಹೊಲಕ್ಕೆ ಹೋಗಿ, ರಕ್ತದಲ್ಲಿ ಏನೂ ಕಾಣಲಿಲ್ಲವೆಂದು ಆಯಿಗೆ ಹೇಳಿದೆ. ಆಕೆ ನಾಯಿಯ ಬಾಯಿಗೆ ಗಂಜಿ ಹಿಡಿದುಕೊಂಡೇ ಕೇಳಿಸಿಕೊಂಡಳು.

“ನಿನ್ನೆ ನೀ ರಕ್ತ ತಗದಾಗ ಇದರ ಮೈ ತಣ್ಣಗಿತ್ತು,” ಎಂದಳು. “ಇದಕ್ಕ ಎರಡ ಮೂರ ದಿನಕ್ಕೊಮ್ಮೆ ಜ್ವರ ಬರ್ತೈತಿ. ಜ್ವರ ಬಂದಾಗ ಕಾಲ ಪೂರಾ ಬೀಳ್ತಾವು, ಇಳದ ಮ್ಯಾಲ ಸ್ವಲ್ಪ ಅಲುಗಾಡ್ತಾವು. ಜ್ವರ ಬಂದಾಗ ನೋಡಬೇಕಿತ್ತವ್ವಾ.”

ನನಗೆ ನಾಚಿಕೆಯಾಯಿತು. ಮಲೇರಿಯಾ ರೋಗಿಗಳಿಗೆ ದಿನಾಲೂ ನಾನೇ ಹೇಳುವ ಮಾತು ಅದು: ಚಳಿ ಜ್ವರ ಏರಿದಾಗ ಬನ್ನಿ, ಆಗ ರಕ್ತ ಕೊಡಿ. ಅದನ್ನು ಈಗ ಕುರಿ ಕಾಯುವ ಹೆಂಗಸಿನ ಬಾಯಿಂದ ಕೇಳಬೇಕಾಯಿತು.

ಮರುದಿನ ಮಾಲಕರ ಮುಂದೆ ಹೋಗಿ ನಿಂತೆ. “ಲ್ಯಾಬಿಗೆ ತರಂಗಿಲ್ರಿ. ಅಟ್ಟದ ಮ್ಯಾಲಿನ ಹಳೇ ಸೂಕ್ಷ್ಮದರ್ಶಕ ಒಯ್ಯಲೇನ್ರಿ?” ಎಂದೆ. ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿ, “ಒಯ್ಯಿ, ಅದಾದ್ರ ನಡಿತೈತಿ,” ಎಂದರು.

ಅದು ಒಂದೇ ಕಣ್ಣಿನಿಂದ ನೋಡುವ, ಕೆಳಗೆ ಕನ್ನಡಿಯಿರುವ ಹಳೆಯ ಕಾಲದ್ದು. ಕರೆಂಟು ಬೇಕಿಲ್ಲ, ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿದರೆ ಸಾಕು. ಮಸೂರಗಳನ್ನು ಒರೆಸಿ, ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಆಯಿಯ ಸೊಸೆಗೆ ನನ್ನ ನಂಬರು ಕೊಟ್ಟು, ನಾಯಿಯ ಮೈ ಸುಡತೊಡಗಿದ ಕೂಡಲೇ ಫೋನು ಮಾಡಲು ಹೇಳಿದೆ.

ಫೋನು ಬಂದದ್ದು ಎರಡನೆಯ ದಿನ ಬೆಳಿಗ್ಗೆ. ಅರ್ಧ ದಿನದ ರಜೆ ಹಾಕಿ, ಅಬ್ಬಾನ ಗಾಡಿಯ ಹಿಂದೆ ಕುಳಿತು ಹೋದೆ. ಬದುವಿನ ಬೇವಿನ ಮರದ ಕೆಳಗೆ ಬೆಳೆಗೆ ಔಷಧಿ ಹೊಡೆಯುವ ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಸೂಕ್ಷ್ಮದರ್ಶಕವನ್ನಿಟ್ಟೆ. ಈ ಸಲ ರಕ್ತವನ್ನು ಒಣಗಿಸಲಿಲ್ಲ. ಆನೆಕಾಲು ರೋಗದ ಹುಳ ಹುಡುಕುವಾಗ ಹಸಿ ಹನಿಯನ್ನೇ ನೋಡಬೇಕೆಂದು ಕಲಿತಿದ್ದು ನೆನಪಾಗಿತ್ತು. ಹನಿಯ ಮೇಲೆ ತೆಳು ಗಾಜು ಮುಚ್ಚಿ ಕಣ್ಣಿಟ್ಟೆ.

ಕೆಂಪು ಕಣಗಳು ಒಂದು ಮೂಲೆಯಲ್ಲಿ ತಾವಾಗಿಯೇ ಅಲುಗಾಡುತ್ತಿದ್ದವು. ಯಾರೋ ಗುಂಪಿನೊಳಗೆ ಮೊಣಕೈ ಚಾಚಿಕೊಂಡು ದಾರಿ ಮಾಡುತ್ತಿರುವ ಹಾಗೆ. ಗಾಜನ್ನು ಸರಿಸಿದೆ. ಕಂಡಿತು: ಪಾರದರ್ಶಕವಾದ, ಬಾಲವಿರುವ, ಬಳುಕಿ ಬಳುಕಿ ಈಜುವ ಒಂದು ಜೀವಿ. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಆಯಿಯೂ ಒಂದು ಕಣ್ಣು ಮುಚ್ಚಿ ನೋಡಿದಳು. “ಹಾವಿನ ಮರಿ ಇದ್ದಂಗ ಅದಾವಲ್ಲವ್ವಾ! ಇಷ್ಟೆಲ್ಲಾ ಒಳಗ ಇಟ್ಕೊಂಡು ನನ್ನ ನಾಯಿ ಹಿಂಡ ಕಾದೈತಿ?” ಎಂದಳು.

ಮೊಬೈಲನ್ನು ಮಸೂರಕ್ಕೆ ಹಿಡಿದು ವಿಡಿಯೋ ಮಾಡಿ ಪಶುವೈದ್ಯರಿಗೆ ಕಳಿಸಿದೆ. ಅವರಿಂದ ತಕ್ಷಣ ಫೋನು ಬಂತು. “ಸರ್ರಾ ರೋಗ ಇದು. ದನಕ್ಕ ಕಡಿಯೋ ದೊಡ್ಡ ನೊಣದಿಂದ ಬರ್ತೈತಿ. ನಾ ಇಂಜೆಕ್ಷನ್ ತಗೊಂಡ ಬರ್ತೇನಿ. ಅಂದಂಗ, ಅಲ್ಲಿ ಕುದುರಿ ಐತೇನು? ಅದರ ರಕ್ತಾನೂ ನೋಡ್ರಿ. ಕುದುರಿಗೆ ಇದು ಭಾಳ ಕೆಟ್ಟದ್ದು.”

ಕುದುರೆ ಕೆಲವು ದಿನಗಳಿಂದ ಮಂಕಾಗಿತ್ತು. ಅದರ ಕಾಲು ಊದಿದ್ದು ಹೊರೆಯಿಂದ ಎಂದುಕೊಂಡಿದ್ದರು. ಅದರ ಹನಿಯಲ್ಲಿ ಅರ್ಧ ತಾಸು ಹುಡುಕಿದ ಮೇಲೆ ಒಂದೇ ಒಂದು ಸಿಕ್ಕಿತು. ಒಂದಿದ್ದರೂ ಇದ್ದಂತೆಯೇ. ಸಂಜೆಯೊಳಗೆ ಎರಡಕ್ಕೂ ಇಂಜೆಕ್ಷನ್ ಆಯಿತು. ಚುಚ್ಚಿದಲ್ಲಿ ಬಾವು ಬಂದು ನಾಯಿ ಎರಡು ದಿನ ನರಳಿತು, ಗಂಜಿಯನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಹಿಂಡು ಬೇವೂರಿನ ಕಡೆ ಹೋಗಬೇಕಾದ ದಿನ ಬಂತು. ನಾಯಿಯನ್ನು ಬಿಟ್ಟು ನಡೆಯೋಣ ಎಂದರು ಮಕ್ಕಳು.

“ನೀವು ಹಿಂಡ ಹೊಡಕೊಂಡ ಹೋಗ್ರಿ. ಇವೆರಡೂ ಆರಾಮ ಆಗೂತನ ನಾ ಇಲ್ಲಿಂದ ಕದಲಂಗಿಲ್ಲ,” ಎಂದು ಆಯಿ ಬೇವಿನ ಕೆಳಗೆ ಕಂಬಳಿ ಹಾಸಿದಳು. ಸೊಸೆಯೂ ಉಳಿದಳು. ಅಬ್ಬಾ ಜೋಳ ಬಿತ್ತುವಾಗ ಆ ಮೂಲೆಯೊಂದನ್ನು ಬಿಟ್ಟರು.

ಆಯಿ ಒಂದು ಹಳೇ ಟವೆಲನ್ನು ನಾಯಿಯ ಹೊಟ್ಟೆಯಡಿ ಹಾಕಿ, ಹಿಂಭಾಗವನ್ನು ಎತ್ತಿ ಹಿಡಿದು, ದಿನಕ್ಕೆ ನಾಲ್ಕು ಸಲ ಬದುವಿನುದ್ದಕ್ಕೂ ನಡೆಸುತ್ತಿದ್ದಳು. ಆಕೆಯ ಸೊಂಟವೂ ಬಾಗಿರುತ್ತಿತ್ತು, ಉಸಿರು ಕಟ್ಟುತ್ತಿತ್ತು. ಸಾಕು ಎಂದರೆ ಕೇಳುತ್ತಿರಲಿಲ್ಲ. ಒಂಬತ್ತನೆಯ ದಿನ ನಾಯಿ ತಾನೇ ಎದ್ದು ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು. ಮರುದಿನ ಹತ್ತು ಹೆಜ್ಜೆ. ಮೂರನೆಯ ವಾರಕ್ಕೆ ಸೊಂಟವನ್ನು ಸ್ವಲ್ಪ ಓರೆ ಮಾಡಿಕೊಂಡಾದರೂ ಕುದುರೆಯ ಹಿಂದೆ ಓಡಾಡತೊಡಗಿತು.

ಅವರು ಹೊರಡುವ ಬೆಳಿಗ್ಗೆ ಎರಡರ ರಕ್ತವನ್ನೂ ಮತ್ತೊಮ್ಮೆ ನೋಡಿದೆ. ಕೆಂಪು ಕಣಗಳು ಅಲುಗಾಡದೆ ಬಿದ್ದಿದ್ದವು. ಕೆಲ ದಿನ ಬಿಟ್ಟು, ಜ್ವರ ಬಂದರೂ ಬರದಿದ್ದರೂ ಇನ್ನೊಮ್ಮೆ ತೋರಿಸಬೇಕೆಂದು ಸೊಸೆಗೆ ಹೇಳಿದೆ. ನಾಯಿಯ ಬಲಗಣ್ಣು ತಿಳಿಯಾಗಿತ್ತು, ಎಡಗಣ್ಣಿನ ಮಂಜು ಮಾತ್ರ ಹಾಗೇ ಇತ್ತು. ಅದು ಹೋಗಲಿಕ್ಕಿಲ್ಲ ಎಂದು ಹೇಳಲು ನನಗೆ ಕಷ್ಟವಾಯಿತು.

“ಅದಕ್ಕೇನವ್ವಾ,” ಎಂದಳು ಆಯಿ, ಕುದುರೆಯ ಹಗ್ಗ ಬಿಚ್ಚುತ್ತ. “ಇನ್ ಮ್ಯಾಲ ಇದನ್ನ ಹಿಂಡಿನ ಎಡಕ್ಕ ನಡಸ್ತೇನಿ. ಕುರಿ ಎಲ್ಲಾ ಬಲಗಣ್ಣಿಗೆ ಕಾಣ್ತಾವು.”