ಅಜ್ಜಿಗೆ ಬಂದ ಸೊನ್ನೆ

ಮನೆ ಮನೆಗೆ ಹೋಗಿ ಮುದುಕರ ಕೈಕಾಲು ಎಷ್ಟು ಆಡುತ್ತವೆಂದು ಬರೆದುಕೊಂಡು ಬರುವುದು ಅವಳ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿ ಬೀದಿಯವರ ಬಾಯಲ್ಲಿ 'ಪ್ರಶ್ನೆ ಅಕ್ಕ' ಆಗಿಬಿಟ್ಟಿದ್ದಳು. ಸ್ನಾನ ನೀವೇ ಮಾಡುತ್ತೀರಾ, ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ ಎಂದು ಇಪ್ಪತ್ತು ಪ್ರಶ್ನೆ. ಉತ್ತರಗಳನ್ನು ಕಚೇರಿಯ ಅಂಕಿ ಸಾಹೇಬರ ಕಂಪ್ಯೂಟರ್ ನುಂಗಿ, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಿತ್ತು. ಮೂರು, ನಾಲ್ಕು ಬಂದವರ ಮನೆಗೆ ದಿನಾ ಬೆಳಿಗ್ಗೆ ಒಬ್ಬ ಸಹಾಯಕಿ. ಸೊನ್ನೆಯವರಿಗೆ ಏನೂ ಇಲ್ಲ.

ಸಾಹೇಬರು ಒಬ್ಬ ಮುದುಕರ ಮನೆಯ ಹೊಸ್ತಿಲನ್ನೂ ತುಳಿದವರಲ್ಲ. ಆದರೂ ಮುಪ್ಪಿನ ಬಗ್ಗೆ ಭಾಷಣಕ್ಕೆ ನಿಂತರೆ ಊಟದ ಹೊತ್ತು ಮೀರಿದರೂ ಬಾಯಿ ಮುಚ್ಚುತ್ತಿರಲಿಲ್ಲ. ಮುದುಕರು ಸುಳ್ಳು ಹೇಳುತ್ತಾರೆಂಬುದು ಅಕ್ಕನಿಗೆ ಮೊದಲ ವಾರವೇ ಗೊತ್ತಾಗಿತ್ತು. 'ನನ್ನ ಕೈಲಾಗಲ್ಲ' ಅನ್ನುವುದಕ್ಕಿಂತ ಬಿದ್ದು ಸೊಂಟ ಮುರಿದುಕೊಳ್ಳುವುದೇ ಅವರಿಗೆ ವಾಸಿ. ಅದಕ್ಕೇ ಅವಳು ಕುಡಿಯಲು ನೀರು ಕೇಳಿ, ಲೋಟ ಹಿಡಿದ ಕೈ ನೋಡಿ, ಕಂಡದ್ದನ್ನು ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದಳು.

"ಅಂಚಿಗೆ ಕಾಲಂ ಇಲ್ಲಮ್ಮ," ಅನ್ನುತ್ತಿದ್ದರು ಸಾಹೇಬರು.

ಟೈಲರ್ ಅಜ್ಜಿಯದ್ದು ಒಂಟಿ ಜೀವ. ಐವತ್ತು ವರ್ಷ ಕಂಡವರ ಅಂಗಿಗೆಲ್ಲ ಗುಂಡಿ ಹೊಲಿದವಳಿಗೆ ಈಗ ತನ್ನ ಅಂಗಿಯ ಗುಂಡಿ ಹಾಕಲು ಬೆರಳು ಮಡಚುತ್ತಿರಲಿಲ್ಲ. ತೆರೆದ ಅಂಗಿಯ ಮೇಲೆ ಟವೆಲ್ ಹೊದ್ದು, ಬಾಗಿಲ ಸಂದಿಯಿಂದಲೇ "ಎಲ್ಲಾ ನಾನೇ ಮಾಡ್ಕೋತೀನಿ" ಎಂದಿದ್ದಳು. ಸೊನ್ನೆ ಬಂತು.

ಟವೆಲ್ ಅಡಿಯ ತೆರೆದ ಅಂಗಿ ಅಕ್ಕನ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ದಿನಾ ಕಚೇರಿಗೆ ಹೋಗುವ ಮುಂಚೆ ತಾನೇ ಹೋಗಿ ಗುಂಡಿ ಹಾಕತೊಡಗಿದಳು. ಮುಂದಿನ ಸುತ್ತಿನಲ್ಲಿ ಅಜ್ಜಿಯ ಬಾಯನ್ನು ನಂಬದೆ ಎಲ್ಲದಕ್ಕೂ 'ಆಗುವುದಿಲ್ಲ' ಎಂದು ಗುರುತು ಹಾಕಿದಳು. ನಾಲ್ಕು ಬಂತು. ಸಾಹೇಬರಿಗೆ ಮೈಯೆಲ್ಲ ಉರಿಯಿತು.

"ಸೊನ್ನೆ ಇದ್ದೋರು ಒಂದೇ ಸಲಕ್ಕೆ ನಾಲ್ಕಾಗಲ್ಲ. ನನ್ನ ಲೆಕ್ಕ ಹಾಗೆ ಹೇಳಲ್ಲ. ನಡೀರಿ, ನಾನೇ ನೋಡ್ತೀನಿ."

ಹೀಗೆ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ಮಹಾಶಯರು ಬೀದಿಗಿಳಿದರು. ಇಸ್ತ್ರಿ ಮಾಡಿದ ಪ್ಯಾಂಟ್ ಕಂಡದ್ದೇ ಅಜ್ಜಿ ನೆಟ್ಟಗೆ ಕೂತಳು.

"ಬಟ್ಟೆ ನೀವೇ ಹಾಕ್ಕೋತೀರಾ ಅಜ್ಜಿ?"

"ಮತ್ತಿನ್ಯಾರು ಹಾಕ್ತಾರೆ ಸ್ವಾಮಿ? ಟೈಲರ್ ನಾನು. ನೋಡಿ, ಐದೂ ಗುಂಡಿ."

"ಅಜ್ಜಿ, ನಿಜ ಹೇಳಿ. ಸಹಾಯಕ್ಕೆ ಜನ ಕಳಿಸ್ತಾರೆ," ಎಂದಳು ಅಕ್ಕ. ಅಜ್ಜಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಸಾಹೇಬರು ಬಗ್ಗಿ, ಬೆಳಿಗ್ಗೆ ಅಕ್ಕ ಹಾಕಿದ್ದ ಐದೂ ಗುಂಡಿ ಎಣಿಸಿ, ಹಾಳೆಯಲ್ಲಿದ್ದ ನಾಲ್ಕನ್ನು ಹೊಡೆದುಹಾಕಿ ಸೊನ್ನೆ ಬರೆದರು. "ನೋಡಿದ್ರಾ? ಲೆಕ್ಕ ಸುಳ್ಳು ಹೇಳಲ್ಲ," ಎಂದು ಬೀಗುತ್ತ ಮೆಟ್ಟಿಲಿಳಿದರು.

ಚಪ್ಪಲಿ ಮೆಟ್ಟುತ್ತಿದ್ದ ಅಕ್ಕನ ಕೈ ಹಿಡಿಯಲು ಅಜ್ಜಿ ನೋಡಿದಳು. ಬೆರಳು ಮಡಚಲಿಲ್ಲ.

"ನಾಳೆ ಸ್ವಲ್ಪ ಬೇಗ ಬರ್ತೀಯಾ ಮಗಳೇ?" ಎಂದಳು.